ಗ್ಯಾಸಿನಿಂದಾದ ದೀಪದೆಣ್ಣೆ

ನಮ್ಮತ್ತೆಯದು ಒಂದು ಪದ್ಧತಿ. ಸಂಜೆ ದೇವರಿಗೆ ದೀಪ ಹಚ್ಚಿದ ಮೇಲೆ ಹಣತೆಯ ಎಣ್ಣೆಗೆ ಬೆರಳದ್ದಿ ನನ್ನ ಮಗಳ ನೆತ್ತಿಗೆ ಸವರಿ, ಒಂದು ತೊಟ್ಟನ್ನು ನಾಲಿಗೆಗೂ ಮುಟ್ಟಿಸುತ್ತಾರೆ. ಅಂಬೆಗಾಲಿಡುವ ಮಗು ಅದಕ್ಕೆಂದೇ ಬಾಯಿ ತೆರೆದು ಕಾಯುತ್ತದೆ. ಕುಂಬಾರಕೊಪ್ಪಲಿನ ಈ ಮನೆಯಲ್ಲಿ ನನ್ನ ಗಂಡನೂ ಹಾಗೆಯೇ ಬೆಳೆದವರು. ಆಗ ದೀಪಕ್ಕೆ ಹರಳೆಣ್ಣೆ ಹಾಕುತ್ತಿದ್ದರು, ಈಗ ಅಂಗಡಿಯ ಬಾಟಲಿ.

ನನ್ನ ಗಂಡ ಕೆಲಸ ಮಾಡುವುದು ಕೊಲ್ಲಿ ದೇಶದ ಒಂದು ಕಾರ್ಖಾನೆಯಲ್ಲಿ. ಸಮುದ್ರದಡಿಯ ನೈಸರ್ಗಿಕ ಅನಿಲವನ್ನು ಅಲ್ಲಿ ಮೊದಲು ಮೇಣ ಮಾಡಿ, ಆ ಮೇಣವನ್ನು ಒಡೆದು ಡೀಸೆಲ್, ಸೀಮೆಎಣ್ಣೆ ತೆಗೆಯುತ್ತಾರೆ. ರಜೆಗೆ ಬಂದ ಸಂಜೆ, ದೇವರ ಮುಂದೆ ನಿಂತವರು ಕೈ ಮುಗಿಯುವುದನ್ನು ಬಿಟ್ಟು ಆ ಬಾಟಲಿ ಎತ್ತಿಕೊಂಡರು. ಹಿಂಬದಿಯ ಸಣ್ಣ ಅಕ್ಷರ ಓದಿ, ಅಂಗೈಗೆ ಸುರಿದು ಉಜ್ಜಿ ನೋಡಿದರು. ಜಿಡ್ಡೇ ಇಲ್ಲ. ನೀರಿನಂತೆ ಬೆರಳ ಸಂದಿಯಲ್ಲಿ ಇಳಿದುಹೋಯಿತು.

ಅಷ್ಟರಲ್ಲಿ ಅತ್ತೆಯ ಬೆರಳು ಮಗುವಿನ ಬಾಯಿಯ ಹತ್ತಿರ ಹೋಗಿತ್ತು. ಇವರು ಕೈ ಹಿಡಿದುಬಿಟ್ಟರು.

"ಯಾಕೋ? ಒಂದು ತೊಟ್ಟು ಕಣೋ, ದೇವ್ರ ಎಣ್ಣೆ."

"ದೇವ್ರದ್ದಲ್ಲಮ್ಮ, ನಮ್ಮ ಫ್ಯಾಕ್ಟರಿ ಥರದವರು ಗ್ಯಾಸಿಂದ ಮಾಡಿದ್ದು. ಉಸಿರಿನ ದಾರೀಲಿ ಒಂಚೂರು ಇಳಿದ್ರೂ ಮಗು ಶ್ವಾಸಕೋಶ ಕೆಟ್ಟೋಗುತ್ತೆ."

ದಿನಾ ಸಂಜೆ ಮಗುವಿನ ನಾಲಿಗೆಗೆ ಅದನ್ನೇ ಮುಟ್ಟಿಸಿದ್ದು ನೆನೆದು ಆಗಲೇ ಆಸ್ಪತ್ರೆಗೆ ಓಡಿದೆವು. ಪುಣ್ಯಕ್ಕೆ ಮಗುವಿಗೆ ಏನೂ ಆಗಿರಲಿಲ್ಲ.

ಮನೆಗೆ ಬಂದು ಬಾಟಲಿ ನೋಡಿದೆ. ಮುಂದೆ ಲಕ್ಷ್ಮಿಯ ಪಟ, ದಪ್ಪ ಕನ್ನಡದಲ್ಲಿ 'ಶುದ್ಧ ದೀಪದೆಣ್ಣೆ'. ಹಿಂದೆ, ಸಾಸಿವೆಗಿಂತ ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ, ನೈಸರ್ಗಿಕ ಅನಿಲದಿಂದ ತಯಾರಿಸಿದ್ದು, ನುಂಗಿದರೆ ಅಪಾಯ ಎಂದಿತ್ತು. ಎಳ್ಳೆಣ್ಣೆಯ ಬಣ್ಣ, ಮಲ್ಲಿಗೆಯ ಪರಿಮಳ ಬೆರೆಸಲು ಬಾಟಲಿ ತುಂಬಿದವರಿಗೆ ಪುರುಸೊತ್ತಿತ್ತು. ಕನ್ನಡದಲ್ಲಿ ಆ ಒಂದು ಸಾಲು ಬರೆಯಲು ಇರಲಿಲ್ಲವೇ?

ಬೆಳಿಗ್ಗೆ ಅಂಗಡಿಗೆ ಹೋದೆ. ಅಡುಗೆ ಎಣ್ಣೆಯ ಪಕ್ಕದಲ್ಲೇ ಸಾಲಾಗಿ ಇಟ್ಟಿದ್ದರು.

"ದೀಪಕ್ಕೆ ಅಂತ ತಾನೇ ಕೊಡೋದು ಮೇಡಂ? ಕುಡೀರಿ ಅಂದೋರು ಯಾರು?" ಅಂಗಡಿಯವರು ನಕ್ಕರು.

ಜೋರಾಗಿ ಮಾತಾಡಿ ಅಭ್ಯಾಸವಿಲ್ಲದವಳು ನಾನು. ಆದರೂ ಒಂದು ಬಾಟಲಿ ತಿರುಗಿಸಿ, ಹಿಂದಿನ ಇಂಗ್ಲಿಷನ್ನು ಅಲ್ಲಿದ್ದ ಗಿರಾಕಿಗಳಿಗೆಲ್ಲ ಕೇಳುವ ಹಾಗೆ ಕನ್ನಡದಲ್ಲಿ ಓದಿದೆ. ಅಂಗಡಿಯವರ ನಗು ನಿಂತಿತು. "ಆಯ್ತು ಬುಡಿ ಮೇಡಂ, ಬೇರೆ ಕಡೆ ಇಡ್ತೀನಿ" ಎಂದರು. ಅವರ ಉಪಕಾರ ಅಷ್ಟೇ.

ಮನೆಯಲ್ಲಿ ಅತ್ತೆ ಮೊಮ್ಮಗಳನ್ನು ಮುಟ್ಟುತ್ತಲೇ ಇಲ್ಲ. ಮಗು ಸೆರಗು ಜಗ್ಗಿದರೆ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ಪಟ ಅಂಟಿಸಿ ಮಾರಿದವರು ಹಾಯಾಗಿದ್ದಾರೆ. ತಪ್ಪಿತಸ್ಥೆಯಂತೆ ಕುಗ್ಗಿದವರು ನಮ್ಮತ್ತೆ! ನನಗೆ ತಡೆಯಲಾಗಲಿಲ್ಲ. ಮಗುವನ್ನು ಎತ್ತಿ ಅವರ ತೊಡೆಯ ಮೇಲೆ ಕೂರಿಸಲು ಹೋದೆ.

"ಒಸಿ ತಡಿ ಕಣಮ್ಮ, ಕೈ ತೊಳ್ಕೊಂಡ್ ಬತ್ತೀನಿ" ಎಂದು, ಆಗಷ್ಟೇ ತೊಳೆದಿದ್ದ ಕೈಯನ್ನು ತೊಳೆಯಲು ಅವರು ಮತ್ತೆ ಬಚ್ಚಲಿಗೆ ಹೋದರು.