ಮೋರಿಗೆ ಸುರಿದ ಕ್ಯಾಪ್ಸೂಲು

ಗವಿಪುರಂ ಇಳಿಜಾರಿನಲ್ಲಿ ಮೆಡಿಕಲ್ ಶಾಪ್ ಇಟ್ಟಿದ್ದ ಶೀನಣ್ಣನನ್ನು ಬೀದಿಯವರೆಲ್ಲ ಡಾಕ್ಟ್ರೇ ಅಂತಲೇ ಕರೆಯುತ್ತಿದ್ದರು. ಬಿ.ಎಸ್ಸಿ. ಡುಮ್ಕಿ ಹೊಡೆದವನಿಗೆ ಆ ಹೆಸರು ಹೇಳಿ ಮಾಡಿಸಿದಂತೆ ಹೊಂದಿಕೊಂಡಿತ್ತು. ಗೋಡೆಯ ಮೇಲೆ ತೂಗುತ್ತಿದ್ದ ಫಾರ್ಮಸಿ ಸರ್ಟಿಫಿಕೇಟು ಇನ್ಯಾರದೋ. ಕತ್ತರಿ ಮಾತ್ರ ಇವನದು. ಯಾರಾದರೂ ಕೆಮ್ಮಿಕೊಂಡು ಬಂದರೆ ಚೀಟಿ ಕೇಳುವ ಚಾಳಿಯಿರಲಿಲ್ಲ. ಸ್ಟ್ರಿಪ್ಪಿನಿಂದ ನಾಲ್ಕು ಆ್ಯಂಟಿಬಯೋಟಿಕ್ ಕ್ಯಾಪ್ಸೂಲು ಕತ್ತರಿಸಿಕೊಟ್ಟು, "ಜ್ವರ ಬಿಟ್ರೆ ನಿಲ್ಸಿಬಿಡಿ, ಮಿಕ್ಕಿದ್ದು ಮುಂದಿನ ಸಲಕ್ಕಾಗುತ್ತೆ" ಅನ್ನುವನು.

ಅವಧಿ ಮೀರಿದ ಮಾಲನ್ನು ಕಂಪನಿಗೆ ವಾಪಸು ಕಳಿಸುವುದು ರಗಳೆ. ಭಾನುವಾರ ಅಂಗಡಿಯ ಹಿಂದೆ ಕುಕ್ಕರಗಾಲಲ್ಲಿ ಕೂತು, ಕ್ಯಾಪ್ಸೂಲು ಬಿಚ್ಚಿ ಸಿರಪ್ಪು ಬಗ್ಗಿಸಿ ಬಕೆಟ್ಟು ನೀರು ಸುರಿಯುವನು. ಹಳದಿ ನೀರು ಮೋರಿಯಿಂದ ರಾಜಕಾಲುವೆಗೆ, ಅಲ್ಲಿಂದ ಕೆಳಗಿನ ಕೆರೆಗೆ. "ಔಷಧಿ ತಾನೇ? ಕೆರೆಗೂ ಆರೋಗ್ಯ ಬರ್ಲಿ" ಅಂತ ತನ್ನ ಮಾತಿಗೆ ತಾನೇ ನಗುವನು.

ಎರಡು ಸಾವಿರದ ಎರಡರಲ್ಲಿ ಮಗಳು ವಿನುತಾ ಮೈಕ್ರೋಬಯಾಲಜಿ ಎಂ.ಎಸ್ಸಿ. ಪ್ರಾಜೆಕ್ಟಿಗೆ ಅದೇ ಕೆರೆಯ ನೀರು ತಂದಳು. ಒಂದು ದಿನ ಕಾಲೇಜಿನ ಲ್ಯಾಬಿಗೆ ಅಪ್ಪನನ್ನು ಕರೆದೊಯ್ದು ಗಾಜಿನ ತಟ್ಟೆ ತೋರಿಸಿದಳು.

"ಅಪ್ಪ, ಈ ಬಿಳಿ ಬಿಲ್ಲೆಗಳಲ್ಲಿ ಔಷಧಿ ಇದೆ. ಕ್ರಿಮಿ ಸತ್ರೆ ಸುತ್ತ ಜಾಗ ಖಾಲಿ ಬೀಳ್ಬೇಕು. ಇಲ್ಲಿ ನೋಡು, ಬಿಲ್ಲೆಗೇ ಅಂಟ್ಕೊಂಡು ಬೆಳ್ದಿವೆ. ದಿನಾ ಚೂರುಚೂರು ಔಷಧಿ ಕುಡಿದು ಪಳಗಿಬಿಟ್ಟಿವೆ."

"ನಮ್ಮ ಏರಿಯಾದವಲ್ವಾ? ಗಟ್ಟಿ ಪಿಂಡಗಳು!"

"ನೀನು ಸುರಿಯೋದನ್ನೇ ಅಪ್ಪ ಅವು ಕುಡಿಯೋದು."

"ನನ್ನೊಬ್ಬನಿಂದಾನಾ? ಮೇಲಿನ ಬೀದಿ ನರ್ಸಿಂಗ್ ಹೋಂ ಪೈಪು ಎಲ್ಲಿಗೆ ಹೋಗುತ್ತೆ, ಕೇಳ್ಹೋಗು."

ಅದೂ ನಿಜವೇ. ಆ ನಿಜವನ್ನೇ ದಿಂಬು ಮಾಡಿಕೊಂಡು ಶೀನಣ್ಣ ನೆಮ್ಮದಿಯಾಗಿ ನಿದ್ದೆ ಮಾಡಿದ.

ಆ ಮಳೆಗಾಲ ರಾಜಕಾಲುವೆ ಉಕ್ಕಿತು. ಗಾಂಧಿ ಬಜಾರಿನಲ್ಲಿ ಹೂ ಮಾರುವ ನಾರಾಯಣಪ್ಪ, ಮನೆಗೆ ನುಗ್ಗಿದ ನೀರು ತೋಡುವಾಗ ತಗಡಿಗೆ ಕಾಲು ಕುಯ್ದುಕೊಂಡ. ನೆಟ್ಟಗೆ ಶೀನಣ್ಣನ ಅಂಗಡಿಗೇ ಬಂದ. ಗಾಯ ಅವನು ಕತ್ತರಿಸಿಕೊಟ್ಟ ಕೆಂಪು ಕ್ಯಾಪ್ಸೂಲಿಗೆ ಬಗ್ಗಲಿಲ್ಲ, ಅದಕ್ಕಿಂತ ಜೋರಿನದಕ್ಕೂ ಬಗ್ಗಲಿಲ್ಲ. ಪಾದ ಊದಿ ಕಪ್ಪಾದ ಮೇಲೆ ಆಸ್ಪತ್ರೆಗೆ ಸಾಗಿಸಿದರು. ಅಲ್ಲಿ ಕೀವು ಪರೀಕ್ಷಿಸಿ, ಮಾಮೂಲಿ ಔಷಧಿ ಯಾವುದೂ ನಾಟುವುದಿಲ್ಲ ಅಂದರು. ಕೊನೆಗೆ ಎರಡು ಬೆರಳು ತೆಗೆದರು.

ಕುಂಟುತ್ತ ಅಂಗಡಿಗೆ ಬಂದ ನಾರಾಯಣಪ್ಪ ಕೈಮುಗಿದ. "ನಿಮ್ಮ ಮಾತ್ರೆ ಬಿದ್ದಿದ್ಕೆ ಬೆರಳಲ್ಲೇ ಹೋಯ್ತು ಡಾಕ್ಟ್ರೇ. ಇಲ್ದಿದ್ರೆ ಕಾಲೇ ಹೋಗ್ತಿತ್ತು."

ಶೀನಣ್ಣನಿಗೆ ಮಗಳು ತೋರಿಸಿದ ತಟ್ಟೆ ಕಣ್ಣಮುಂದೆ ಬಂತು. ಬಾಯಿ ಮಾತ್ರ ರೂಢಿ ಬಿಡಲಿಲ್ಲ: "ಟೈಮಿಗೆ ಬಂದ್ರಲ್ಲ, ಅದೇ ನಿಮ್ಮ ಪುಣ್ಯ."

ಅಂದಿನಿಂದ ಹಳೇ ಮಾಲನ್ನು ಮೋರಿಗೆ ಸುರಿಯುವುದು ನಿಲ್ಲಿಸಿದ. ಪ್ಲಾಸ್ಟಿಕ್ ಕವರಿಗೆ ಕಟ್ಟಿ ಕಸದ ಗಾಡಿಗೆ ಎಸೆಯತೊಡಗಿದ. ಇಷ್ಟಕ್ಕೇ ತಾನು ತಿದ್ದಿಕೊಂಡೆನೆಂಬ ಹೆಮ್ಮೆ ಬೇರೆ. ಕತ್ತರಿಗೆ ಬಿಡುವು ಕೊಡಲಿಲ್ಲ.

ರಾಜ್ಯೋತ್ಸವಕ್ಕೆ ಬಡಾವಣೆಯ ಸಂಘದವರು ಅವನಿಗೆ ಶಾಲು ಹೊದಿಸಿ ಆರೋಗ್ಯಸೇವೆಗೆಂದು ಸನ್ಮಾನ ಮಾಡಿದರು. ಹಾರ ಕಟ್ಟಿ ತಂದು ಕೊರಳಿಗೆ ಹಾಕಿದವನು ನಾರಾಯಣಪ್ಪನೇ. ವಿನುತಾ ಹೋಗಲಿಲ್ಲ. ಊಟಕ್ಕೆ ಕೂತಾಗ, "ವೇದಿಕೆ ಮೆಟ್ಟಿಲು ನಾರಾಯಣಪ್ಪನವರು ಹೇಗೆ ಹತ್ತಿದ್ರಪ್ಪ?" ಎಂದಳು.

ಶೀನಣ್ಣ ಸಾರು ಬಡಿಸಿಕೊಂಡು, ಇವತ್ತು ಉಪ್ಪು ಜಾಸ್ತಿಯಾಗಿದೆ ಅಂದ.