ಶಿವ್ಡಿಯ ಕೆಸರಿನಲ್ಲೊಂದು ಬೂದು ಹಕ್ಕಿ

ಕಳೆದ ಭಾನುವಾರ ನಾನೊಂದು ಹಕ್ಕಿಗೆ ಆಂಬುಲೆನ್ಸ್ ಕರೆಸಿದೆ.

(ನಗಬೇಡಿ. ನೀವಾಗಿದ್ದರೂ ಕರೆಸುತ್ತಿದ್ದಿರಿ.)

ಫ್ಲೆಮಿಂಗೊ ನೋಡೋಣವೆಂದು ಶಿವ್ಡಿ ಜೆಟ್ಟಿಗೆ ಹೋಗಿದ್ದೆ. ಜೊತೆಗೆ ಮಾಟುಂಗದಲ್ಲಿ ಹೋಟೆಲು ನಡೆಸುವ ಗೆಳೆಯ ಶೇಖರಣ್ಣ. ಮೂವತ್ತು ವರ್ಷ ಮುಂಬಯಿಯಲ್ಲಿದ್ದೂ ಅವರು ಫ್ಲೆಮಿಂಗೊ ಕಂಡವರಲ್ಲ. ಭಾನುವಾರ ಗಲ್ಲಾ ಬಿಟ್ಟು ಬಂದದ್ದೇ ದೊಡ್ಡದು.

ಸಮುದ್ರ ಹಿಂದೆ ಸರಿದಿತ್ತು. ಕೆಸರಿನ ತುಂಬ ಗುಲಾಬಿ ಹಕ್ಕಿಗಳು. ನಡುವೆ ಒಂದು ಮಾತ್ರ ಬೂದು. ಅದೇ ಉದ್ದ ಕಾಲು, ಅದೇ ಡೊಂಕು ಕೊಕ್ಕು. ಮೈ ಮಾತ್ರ ಒಲೆಯ ಬೂದಿಯಲ್ಲಿ ಹೊರಳಾಡಿ ಬಂದಂತೆ.

"ಇದು ಬೇರೆ ಜಾತಿ," ಅಂದೆ.

"ಜಾತಿ ಅದೇ. ಆಯಿಲ್ ಮೆತ್ತಿದೆ ಮಾರಾಯ," ಅಂದರು ಶೇಖರಣ್ಣ. "ನೀರು ನೋಡು. ನಾವು ಇಳಿದರೂ ಇದೇ ಬಣ್ಣ."

ಫೋಟೊ ತೆಗೆದು ಮೊಬೈಲಿನ ಆಪ್‌ಗೆ ತೋರಿಸಿದೆ. ಅದು ಬಹಳ ಹೊತ್ತು ಯೋಚಿಸಿ "ಛತ್ರಿ" ಅಂದಿತು. ಬಿಲ್ಡಿಂಗಿನ ವಾಟ್ಸಾಪ್ ಗುಂಪಿಗೆ ಹಾಕಿದೆ. ಎರಡನೇ ಮಹಡಿಯವರು ಹಕ್ಕಿಜ್ವರ ಅಂದರು. ನಾಲ್ಕನೆಯವರು ಶುಭೋದಯ ಅಂದರು.

ಅಷ್ಟರಲ್ಲಿ ಹಕ್ಕಿ ಒಂದು ಕಾಲು ಮಡಚಿ, ತಲೆಯನ್ನು ರೆಕ್ಕೆಯೊಳಗೆ ಹುದುಗಿಸಿತು. ಆಮೇಲೆ ಅಲ್ಲಾಡಲೇ ಇಲ್ಲ.

"ಹೋಯ್ತು," ಅಂದರು ಶೇಖರಣ್ಣ. "ಫೋನ್ ಮಾಡು ಮಾರಾಯ. ಸುಮ್ಮನೆ ನೋಡಿಕೊಂಡು ನಿಲ್ಲುವುದಾ?"

ಮಾಡಿದೆ. ಹಕ್ಕಿಗಳಿಗೆ ಚಿಕಿತ್ಸೆ ಕೊಡುವ ಸಂಸ್ಥೆಯವರು ವ್ಯಾನು ಕಳಿಸುತ್ತೇವೆ ಅಂದರು.

ಪಕ್ಕದ ಗೋದಾಮಿನ ವಾಚ್‌ಮನ್ ಎಲ್ಲ ಕೇಳಿಸಿಕೊಳ್ಳುತ್ತಿದ್ದ. ಬಾಗಲಕೋಟೆ ಕಡೆಯವನು. ಚಹಾ ಮುಗಿಸಿ, ಲೋಟ ಕೆಳಗಿಟ್ಟು ಹೇಳಿದ: "ಅದಕ್ಕೇನೂ ಆಗಿಲ್ರೀ ಸರ. ಮರಿ ಐತಿ. ಮೊದಲಿಗೆ ಎಲ್ಲಾ ಹಂಗ ಇರ್ತಾವ. ಈ ಕೆಸರಿನ ರಾಡ್ಯಾಗಿಂದು ತಿಂದು ತಿಂದು ಎರಡ್ಮೂರು ವರ್ಷಕ್ಕ ಬಣ್ಣ ಬರ್ತೈತಿ."

"ಮತ್ತೆ ಆ ಒಂಟಿ ಕಾಲು?"

"ನಿದ್ದಿ ಮಾಡಾಕತ್ತೈತ್ರಿ."

"ಮೊದಲೇ ಹೇಳಬಾರದಿತ್ತೇನಪ್ಪ?"

"ನೀವು ನನ್ನ ಎಲ್ಲಿ ಕೇಳಿದ್ರಿ?"

ನಿಜವೇ. ಫೋನನ್ನು ಕೇಳಿದೆ, ಇಡೀ ಬಿಲ್ಡಿಂಗನ್ನು ಕೇಳಿದೆ. ಹತ್ತು ಹೆಜ್ಜೆ ದೂರದಲ್ಲಿ ದಿನವೂ ಅದನ್ನೇ ನೋಡುತ್ತ ಕೂತವನನ್ನು ಕೇಳಲಿಲ್ಲ.

ಮತ್ತೆ ಫೋನ್ ಮಾಡಿ ತಪ್ಪೊಪ್ಪಿಕೊಂಡೆ. "ಪರವಾಗಿಲ್ಲ ಅಂಕಲ್," ಅಂದಳು ಆ ಕಡೆಯ ಹುಡುಗಿ, ಹಿಂದಿಯಲ್ಲಿ. "ಆ ಮರಿಗೆ ಈ ವಾರ ಇದು ನಾಲ್ಕನೇ ಫೋನ್." ಬಣ್ಣ ಬೇರೆಯಾದರೆ ಕಾಯಿಲೆಯೇ ಇರಬೇಕು ಎಂದುಕೊಳ್ಳುವವರು ಊರಲ್ಲಿ ಇಷ್ಟು ಜನ ಇದ್ದೇವೆಯೇ?

ವಾಪಸು ಬರಲು ಅಂಧೇರಿ ಲೋಕಲ್ ಹತ್ತಿದೆವು. ಶೇಖರಣ್ಣನಿಗೆ ಮೂರು ತಿಂಗಳ ಮೊಮ್ಮಗಳಿದ್ದಾಳೆ. ಗುಂಡುಗುಂಡಾಗಿದ್ದಾಳೆ, ಕಂಡವರಿಗೆಲ್ಲ ನಗುತ್ತಾಳೆ. ಬಣ್ಣ ಮಾತ್ರ 'ಸ್ವಲ್ಪ ಕಡಿಮೆ' ಅಂತ ಮನೆಯವರು ದಿನಾ ಕಡಲೆಹಿಟ್ಟು, ಹಾಲಿನ ಕೆನೆ ತಿಕ್ಕುತ್ತಿದ್ದಾರೆ. ವಡಾಲ ಸ್ಟೇಷನ್ ದಾಟಿತು. ಶೇಖರಣ್ಣ ನನ್ನ ಕಡೆ ಬಾಗಿ, ಪಕ್ಕದವರಿಗೆ ಕೇಳಿಸದಂತೆ ಕೇಳಿದರು:

"ಅಲ್ಲ ಮಾರಾಯ, ಆ ಹಕ್ಕಿ ತಿನ್ನುವುದು ಎಂತದ್ದು?"