ಪಟ್ಟಾಭಿರಾಮರ ಕಾರ್ಡು
ಸಿಂಗಪುರದ ಬಿಶಾನ್‌ನಲ್ಲಿರುವ ಪಟ್ಟಾಭಿರಾಮರು ಒಂದು ಕಾಫಿಗೆ ಕಾರ್ಡು ಕೊಡುವ ಮುನ್ನವೂ ಫೋನಿನಲ್ಲಿ ಬ್ಯಾಲೆನ್ಸ್ ನೋಡುವವರು. ಖಾತೆಯಲ್ಲಿ ಹಣ ಸಾಲದಿದ್ದರೂ ಕಾರ್ಡು ನಡೆಯುವಂತೆ ಮಾಡುತ್ತೇವೆ, ಸಲಕ್ಕಿಷ್ಟು ಶುಲ್ಕ, ಬೇಕೇ ಎಂದು ಬ್ಯಾಂಕು ಕೇಳಿದಾಗಿನಿಂದ ಅವರಿಗೆ ಊಟ ರುಚಿಸಿಲ್ಲ. "ಬೇಕು ಅಂದ್ರೆ ಚಾರ್ಜ್ ಹಾಕ್ತಾರೆ, ಬೇಡ ಅಂದ್ರೆ ಮಾನ ಹೋಗುತ್ತೆ" ಎಂದು ಲಿಫ್ಟಿನಲ್ಲಿ ಸಿಕ್ಕವರಿಗೂ ಹೇಳುತ್ತಾರೆ. "ಯಾವ್ದಾದ್ರೂ ಒಂದು ಪ್ರೆಸ್ ಮಾಡಿಬಿಡಿ" ಎಂದು ಹೆಂಡತಿ ಅನುಸೂಯಾ ಗದರಿದರೆ ಬೆರಳು ಪರದೆಯವರೆಗೆ ಹೋಗಿ ಹಿಂದಕ್ಕೆ ಬರುತ್ತದೆ. ಆಕೆಗೂ ಹೇಳದ ಸಂಗತಿಯೊಂದಿದೆ. ಮೈಸೂರಿನಿಂದ ಮೊದಲ ಸಲ ಬಂದ ತಾಯಿಯನ್ನು ಹೋಟೆಲಿಗೆ ಕರೆದೊಯ್ದ ದಿನ ಖಾತೆಯಲ್ಲಿ ಹಣ ಸಾಲದೆ ಇವರ ಕಾರ್ಡು ನಡೆಯಲಿಲ್ಲ. ತಾಯಿ ಕೈಚೀಲ ತಡಕಾಡಿ, ನೂರು ರೂಪಾಯಿಯ ಎರಡು ನೋಟನ್ನು ಗಲ್ಲಾದಲ್ಲಿದ್ದ ಚೀನೀ ಹುಡುಗಿಯ ಮುಂದಿಟ್ಟು, "ನನ್ನ ಮಗನ್ನ ಏನೂ ಅನ್ಬೇಡಮ್ಮಾ" ಎಂದು ಕನ್ನಡದಲ್ಲೇ ಬೇಡಿಕೊಂಡಿದ್ದರು. ತಾಯಿ ನಾಳೆ ಮತ್ತೆ ಬರುತ್ತಿದ್ದಾರೆ. ಪಟ್ಟಾಭಿರಾಮರು ಇವತ್ತು ಶುಲ್ಕ ಎಷ್ಟೆಂದೂ ನೋಡದೆ 'ಬೇಕು' ಒತ್ತಿದರು.